ಮಳೆ ಪುಸ್ತಕದಲ್ಲಿ ರಕ್ತದ ಲೆಕ್ಕ

ನಮ್ಮ ಮನೆಯ ಅಂಗಳದಲ್ಲಿ ಮಳೆಮಾಪಕ ಇದೆ. ದಿನಾ ಬೆಳಿಗ್ಗೆ ಅಪ್ಪ ಕೊಡೆ ಹಿಡಿದು ಹೋಗಿ, ಅದರ ನೀರನ್ನು ಅಳತೆ ಗಾಜಿಗೆ ಬಗ್ಗಿಸಿ, ಎಷ್ಟು ಇಂಚು ಎಷ್ಟು ಸೆಂಟ್ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಕೊಡಗಿನ ತೋಟಗಳಲ್ಲಿ ಇದು ಹಳೆಯ ರೂಢಿ. ಒಂದು ದಿನ ಎರಡು ಇಂಚು ಸುರಿಯಿತು ಎಂದರೆ ಅದರಿಂದ ಹೆಚ್ಚೇನೂ ತಿಳಿಯದು. ಹಿಂದಿನ ವರ್ಷಗಳ ಪುಟ ತಿರುವಿದರೆ ಹೂಮಳೆ ತಡವಾಯಿತೋ, ಮುಂಗಾರು ಸೊರಗಿತೋ ಗೊತ್ತಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ತೋಟಕ್ಕೆ ಸುಣ್ಣ ಹಾಕದ ಅಪ್ಪ, ಅರವತ್ತೆರಡು ವರ್ಷದವರೆಗೂ ತಮ್ಮ ರಕ್ತವನ್ನು ಮಾತ್ರ ಒಮ್ಮೆಯೂ ಪರೀಕ್ಷೆಗೆ ಕೊಟ್ಟಿರಲಿಲ್ಲ. ಮೈಯಲ್ಲಿ ನೋವಿಲ್ಲ, ಮತ್ತೇಕೆ ಎಂಬುದು ಅವರ ವಾದ.

ನೋವಿಲ್ಲದಿರುವುದೇ ತೊಂದರೆ. ಸಕ್ಕರೆ ಕಾಯಿಲೆ ಬಹಳ ಕಾಲ ಸದ್ದಿಲ್ಲದೆ ಇರುತ್ತದೆ. ಮೂತ್ರಪಿಂಡ ಅರ್ಧದಷ್ಟು ಶಕ್ತಿ ಕಳೆದುಕೊಂಡರೂ ಮನುಷ್ಯ ಎಂದಿನಂತೆ ಗುಡ್ಡ ಹತ್ತಿ ಇಳಿಯುತ್ತಾನೆ.

ಅಂತೂ ಅಪ್ಪ ರಕ್ತ ಪರೀಕ್ಷೆಗೆ ಹೊರಟರು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಲ್ಯಾಬ್‌ನವರು ಹೇಳಿದ್ದರು. ಇವರು ಒಂದು ಲೋಟ ಬೆಲ್ಲದ ಕಾಫಿ ಕುಡಿದು ಹೋದರು. ಅವರ ಪ್ರಕಾರ ಕಾಫಿ ಊಟವೂ ಅಲ್ಲ, ತಿಂಡಿಯೂ ಅಲ್ಲ. ಬೆಲ್ಲಕ್ಕೆ ಆ ಭೇದ ಗೊತ್ತಿಲ್ಲ. ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಬೇರೇನೂ ಸೇವಿಸಬಾರದು, ಹಾಗಾಗಿ ಮರುದಿನ ಮತ್ತೆ ಹೋಗಬೇಕಾಯಿತು.

ಆಗ ನಾನು ಗಮನಿಸಿದ್ದು ಕೊಳವೆಗಳ ಮುಚ್ಚಳದ ಬಣ್ಣ. ತಿಳಿ ನೇರಳೆ ಒಂದು, ಬೂದು ಒಂದು. ಬೂದು ಮುಚ್ಚಳದ್ದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ತೋಳಿನಿಂದ ಹೊರಬಂದ ರಕ್ತಕಣಗಳು ಕೊಳವೆಯಲ್ಲೂ ಬದುಕಿರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸಾಧಾರಣ ಉಷ್ಣತೆಯಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು ಸಕ್ಕರೆ ಹೀಗೆ ಖಾಲಿಯಾಗುತ್ತದೆ. ಅದನ್ನು ತಡೆಯಲೆಂದೇ ಫ್ಲೋರೈಡ್. ಖಾಲಿ ಹೊಟ್ಟೆಯಲ್ಲಿ 100 ಮಿ.ಲೀ.ಗೆ 126 ಮಿಲಿಗ್ರಾಂ ಇದ್ದರೆ ಅದು ಸಕ್ಕರೆ ಕಾಯಿಲೆಯ ಗಡಿ. ಫ್ಲೋರೈಡ್ ಇಲ್ಲದ ಕೊಳವೆಯಲ್ಲಿ ಅದೇ ರಕ್ತ ಮೂರು ಗಂಟೆ ಕುಳಿತರೆ 105ರ ಆಸುಪಾಸಿಗೆ ಇಳಿದಿರುತ್ತದೆ. ಫ್ಲೋರೈಡ್ ಕೂಡ ಪೂರ್ತಿ ಹಿಡಿತ ಸಾಧಿಸಲು ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ. ಹಳ್ಳಿಯಲ್ಲಿ ರಕ್ತ ತೆಗೆದು ಬಸ್ಸಿನಲ್ಲಿ ಪೇಟೆಗೆ ಕಳಿಸುವ ನಮ್ಮ ಜಿಲ್ಲೆಯಲ್ಲಿ, ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದ ದಿನ, ಇದು ಸಣ್ಣ ವಿಷಯವಲ್ಲ. ಮಾದರಿ ಎಷ್ಟು ಹೊತ್ತಿಗೆ ಲ್ಯಾಬ್ ಸೇರುತ್ತದೆ ಎಂದು ಕೇಳುವುದು ತಪ್ಪಲ್ಲ.

ನೇರಳೆ ಕೊಳವೆಯದ್ದು ಜನ 'ಮೂರು ತಿಂಗಳ ಸಕ್ಕರೆ' ಎನ್ನುವ ಎಚ್‌ಬಿಎ1ಸಿ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ರಕ್ತದ ಸಕ್ಕರೆ ಹಿಮೋಗ್ಲೋಬಿನ್‌ಗೆ ಮೆಲ್ಲಮೆಲ್ಲಗೆ ಅಂಟುತ್ತಾ ಹೋಗುತ್ತದೆ. ಶೇ. 5.7ಕ್ಕಿಂತ ಕಡಿಮೆಯಿದ್ದರೆ ಸರಿ, 6.5 ಮುಟ್ಟಿದರೆ ಕಾಯಿಲೆ. ಇದಕ್ಕೆ ಉಪವಾಸ ಬೇಡ, ಬೆಲ್ಲದ ಕಾಫಿಯ ಭಯವೂ ಇಲ್ಲ. ಆದರೆ ಕಬ್ಬಿಣದ ಕೊರತೆಯಿದ್ದರೆ ಇದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಕೆಂಪು ಕಣಗಳು ಕುಡಗೋಲಿನಂತೆ ಬಾಗುವ ಕುಡಗೋಲು ಕಣ ರೋಗ (ಸಿಕಲ್ ಸೆಲ್) ಇದ್ದರೆ ಕಣಗಳು ಬೇಗ ಸಾಯುವುದರಿಂದ ಕಡಿಮೆ ತೋರಿಸುತ್ತದೆ. ಭಾರತದಲ್ಲಿ ಆ ರೋಗ ಮೊದಲು ವರದಿಯಾದದ್ದು 1952ರಲ್ಲಿ, ನಮಗೆ ದೂರವಲ್ಲದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಹಾಗಾಗಿ ಹಾಡಿಗಳ ಬುಡಕಟ್ಟು ಜನರ ವರದಿ ಓದುವ ವೈದ್ಯರು ಈ ಸಾಧ್ಯತೆಯನ್ನು ನೆನಪಿಟ್ಟುಕೊಳ್ಳಲೇಬೇಕು.

ಈಗ ಮಳೆ ಪುಸ್ತಕಕ್ಕೆ ಮರಳುತ್ತೇನೆ. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕುವ ಕಸ. ಐವತ್ತು ವರ್ಷದ ಹೆಂಗಸೊಬ್ಬರಲ್ಲಿ ಅದು 0.6 ಇದೆ ಎನ್ನಿ. ಐದು ವರ್ಷ ಕಳೆದು ಅದು 1.0 ಆಯಿತು. ಎಷ್ಟೋ ಲ್ಯಾಬ್‌ಗಳ ವರದಿಯಲ್ಲಿ ಎರಡೂ 'ನಾರ್ಮಲ್'. ಆದರೆ ಲೆಕ್ಕ ಹಾಕಿದರೆ ಮೂತ್ರಪಿಂಡದ ಸೋಸುವ ಶಕ್ತಿ ಸುಮಾರು ಶೇ. 40 ಇಳಿದಿದೆ! ಹಳೆಯ ಚೀಟಿ ಕೈಯಲ್ಲಿಲ್ಲದಿದ್ದರೆ ಇದು ಯಾರ ಕಣ್ಣಿಗೂ ಬೀಳದು. ಗಾಬರಿಯಾಗುವ ಮೊದಲು ಇನ್ನೊಮ್ಮೆ ಮಾಡಿಸಬೇಕು, ನಿಜ. ಪುತ್ತರಿ ಹಬ್ಬದ ಮಧ್ಯಾಹ್ನ ಪಂದಿ ಕರಿ (ಹಂದಿ ಮಾಂಸದ ಸಾರು) ಉಂಡು ಸಂಜೆ ರಕ್ತ ಕೊಟ್ಟರೂ ಕ್ರಿಯಾಟಿನಿನ್ ತಾತ್ಕಾಲಿಕವಾಗಿ ಏರುತ್ತದೆ.

ಎಪ್ಪತ್ತು, ಎಂಬತ್ತು ಪರೀಕ್ಷೆಗಳ ಪ್ಯಾಕೇಜುಗಳನ್ನು ನಾನು ಒಪ್ಪುವುದಿಲ್ಲ. ವರದಿಯಲ್ಲಿ ಅಚ್ಚಾಗುವ ಮಿತಿಗಳನ್ನು ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ 95 ಮಂದಿ ಒಳಗೆ ಬರುವಂತೆ ಹಾಕಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ, ಏನೂ ಇಲ್ಲದವರಲ್ಲೂ ಒಂದಾದರೂ ಮಿತಿ ದಾಟುವ ಸಂಭವ ಶೇ. 64. ಅದರ ಹಿಂದೆ ಅಲೆದಾಟ, ಖರ್ಚು, ನಿದ್ದೆಗೆಟ್ಟ ರಾತ್ರಿಗಳು. ವಯಸ್ಸು, ಮನೆತನದ ಕಾಯಿಲೆ ನೋಡಿ ವೈದ್ಯರು ಹೇಳಿದ ನಾಲ್ಕಾರನ್ನು ತಪ್ಪದೆ ಮಾಡಿಸುವುದೇ ಮೇಲು. 30 ದಾಟಿದವರಿಗೆ ಸಕ್ಕರೆ, ರಕ್ತದೊತ್ತಡದ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ.

ನನ್ನನ್ನು ಹೆಚ್ಚು ಕಾಡುವುದು ತೋಟದ ಕೂಲಿಯವರಿರುವ ಲೈನ್ ಮನೆಗಳ ಹೆಂಗಸರು. ಗರ್ಭಿಣಿಯರಲ್ಲದ ಹೆಂಗಸರಲ್ಲಿ ಹಿಮೋಗ್ಲೋಬಿನ್ 100 ಮಿ.ಲೀ.ಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಊಟದ ಜೊತೆಗೇ ಕುಡಿಯುವ ಕಾಫಿ, ಚಹಾ ಸೊಪ್ಪುಕಾಳುಗಳ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ ಎಂದು ಅವರಿಗೆ ಹೇಳಿದವರು ಕಡಿಮೆ. ಕುಯ್ಲಿನಲ್ಲಿ ಆಕೆ ಎಷ್ಟು ಕಿಲೋ ಹಣ್ಣು ಕುಯ್ದಳೆಂದು ತೋಟದ ಗುಮಾಸ್ತ, ಅಂದರೆ ರೈಟರ್, ದಿನಾ ಬರೆದುಕೊಳ್ಳುತ್ತಾರೆ. ಆಕೆಯ ರಕ್ತದ ಲೆಕ್ಕ ಎಲ್ಲೂ ಇಲ್ಲ. ತೋಟ ಬದಲಾಯಿಸುವಾಗ ಚೀಟಿ ಕಳೆದುಹೋಗುತ್ತದೆ, ಇಲ್ಲವೇ ನೆನೆದು ಮುದ್ದೆಯಾಗುತ್ತದೆ. ಹೋದ ಕುಯ್ಲಿನಿಂದ ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ಸಣ್ಣ ನೋಟ್‌ಬುಕ್, ಒಂದು ಪ್ಲಾಸ್ಟಿಕ್ ಕವರ್ ಕೊಟ್ಟಿದ್ದೇವೆ. ಮೊದಲ ಪುಟದಲ್ಲಿ ತಾರೀಕು, ಹಿಮೋಗ್ಲೋಬಿನ್, ಸಕ್ಕರೆ. ಬರೆದುಕೊಟ್ಟವರು ಅಪ್ಪ, ಮಳೆ ಬರೆಯುವ ಅದೇ ಪೆನ್ನಿನಲ್ಲಿ.