ನೈಋತ್ಯದ ಕೋಣೆ ಮತ್ತು ಮಂಡಕ್ಕಿ ಭಟ್ಟಿಯ ಮರಳು

ತಂಗಿಯ ಮಗ ದಾವಣಗೆರೆಯ ನಿಟ್ಟುವಳ್ಳಿ ಕಡೆ ಟ್ವೆಂಟಿ ಥರ್ಟಿ ಸೈಟು ತಗೊಂಡಿದ್ದಾನೆ. ಮನೆ ನಕ್ಷೆ ನನ್ನ ಕೈಗೆ ಬರುವ ಹೊತ್ತಿಗೆ ವಾಸ್ತು ನೋಡುವವರ ಹತ್ತಿರ ಮೂರು ಸಲ ಹೋಗಿ ಬಂದಿತ್ತು. ಬಾಗಿಲು ಒಂದೂವರೆ ಅಡಿ ಈಶಾನ್ಯಕ್ಕೆ ಸರಿದಿತ್ತು, ಅಡುಗೆಮನೆ ಆಗ್ನೇಯಕ್ಕೆ ಹೋಗಿತ್ತು, ಯಜಮಾನನ ಮಲಗುವ ಕೋಣೆ ನೈಋತ್ಯದಲ್ಲಿ ಗಟ್ಟಿಯಾಗಿ ಕೂತಿತ್ತು.

“ಮಾವ, ಮನೆ ತಂಪಾಗಿರಬೇಕು, ಕರೆಂಟ್ ಬಿಲ್ ಏರಬಾರದು, ಸಾಲ ಜಾಸ್ತಿ ಆಗಬಾರದು. ಏನ್ ಮಾಡ್ಲಿ?”

“ಬಾಗಿಲ ಬಗ್ಗೆ ಮೂರು ಸಲ ಕೇಳಿದೀಯ. ತಲೆ ಮೇಲಿರೋದರ ಬಗ್ಗೆ ಒಂದು ಸಲಾನೂ ಕೇಳಿಲ್ಲವಲ್ಲೋ” ಅಂದೆ.

ಸಣ್ಣ ಸೈಟಿನ ಮನೆಗೆ ಬಿಸಿಲು ಬರುವುದು ಗೋಡೆಯಿಂದ ಅಲ್ಲ, ತಾರಸಿಯಿಂದ. ಇಕ್ಕೆಲದಲ್ಲೂ ಅಕ್ಕಪಕ್ಕದವರ ಮನೆ ಎದ್ದ ಮೇಲೆ ಗೋಡೆಗಳಿಗೆ ಅವರ ನೆರಳೇ ಸಾಕು. ತಾರಸಿಗೆ ಯಾರ ನೆರಳೂ ಇಲ್ಲ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಮಧ್ಯಾಹ್ನ ಹನ್ನೆರಡೂವರೆಗೆ ಸ್ವಲ್ಪ ಮುಂಚೆ ಸೂರ್ಯ ನೆತ್ತಿಯ ಮೇಲೇ ನಿಂತು, ನೆಟ್ಟ ಕಂಬದ ನೆರಳು ಕಂಬದ ಬುಡಕ್ಕೇ ಸೇರಿಬಿಡುತ್ತದೆ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಉತ್ತರ ದಿಕ್ಕಿನ ಸೈಟಿಗೆ ಹೆಚ್ಚಿನ ದುಡ್ಡು ಕೊಟ್ಟವರು ಇದನ್ನು ಗಮನಿಸಿರುವುದು ಕಡಿಮೆ.

ಲೆಕ್ಕ ಹಾಕಿ. ಅವನ ತಾರಸಿ ಸುಮಾರು 500 ಚದರಡಿ, ಅಂದರೆ 46 ಚದರ ಮೀಟರ್. ನೆತ್ತಿ ಬಿಸಿಲು ಚದರ ಮೀಟರಿಗೆ ಹತ್ತಿರ ಹತ್ತಿರ 1,000 ವ್ಯಾಟ್. ಒಟ್ಟು 45 ಕಿಲೋವ್ಯಾಟ್ ಚಿಲ್ಲರೆ. 2 ಕಿಲೋವ್ಯಾಟಿನ ಗೀಸರುಗಳನ್ನು ಇಪ್ಪತ್ತೆರಡು ಸಾಲಾಗಿ ಜೋಡಿಸಿ ತಾರಸಿ ಮೇಲೆ ಹಚ್ಚಿಟ್ಟಂತೆ. ಬೂದು ಸಿಮೆಂಟು ಇದರಲ್ಲಿ ಮೂರರಲ್ಲಿ ಎರಡು ಪಾಲನ್ನು ನುಂಗುತ್ತದೆ. ನುಂಗಿದ್ದರಲ್ಲಿ ಬಹುಪಾಲು ಗಾಳಿಗೆ, ಆಕಾಶಕ್ಕೆ ವಾಪಸ್ ಹೋಗುತ್ತದೆ ನಿಜ. ಉಳಿದದ್ದೇ ನಮಗೆ ಸಾಕುಬೇಕಾಗುತ್ತದೆ: ಒಂದೂವರೆ ಟನ್ ಎಸಿ ಹೊರಗೆ ದೂಡಬಲ್ಲ ಶಾಖ 5 ಕಿಲೋವ್ಯಾಟಿಗಿಂತ ತುಸು ಹೆಚ್ಚು, ಅಷ್ಟೇ.

ಆದರೆ ನನಗೆ ಖುಷಿ ಕೊಡುವ ವಿಷಯ ಶಾಖ ಎಷ್ಟು ಬರುತ್ತದೆ ಅನ್ನುವುದಲ್ಲ, ಯಾವಾಗ ಬರುತ್ತದೆ ಅನ್ನುವುದು. ಮಂಡಕ್ಕಿ ಭಟ್ಟಿಗೆ ಹೋದವರು ನೋಡಿರುತ್ತೀರಿ. ಬೆಂಕಿ ಆರಿದ ಮೇಲೂ ಬಾಣಲೆಯ ಮರಳು ಕೈ ಇಡಲು ಬಿಡುವುದಿಲ್ಲ. ಬೆಣ್ಣೆ ದೋಸೆಯ ಹೆಂಚೂ ಹಾಗೆಯೇ, ಉರಿ ತೆಗೆದ ಮೇಲೂ ಇನ್ನೊಂದು ದೋಸೆ ಬೇಯುತ್ತದೆ. ಕಾಂಕ್ರೀಟೂ ಅದೇ ಜಾತಿ. ಶಾಖವನ್ನು ತಡೆಯುವುದಿಲ್ಲ, ಸಾಲವಾಗಿ ಇಟ್ಟುಕೊಂಡು ಆಮೇಲೆ ಮನೆಯೊಳಗೆ ತೀರಿಸುತ್ತದೆ.

ಮೋಲ್ಡ್ ಹಾಕುವ ದಿನ ಆಳುಗಳು ಸಾಲಾಗಿ ನಿಂತು ಬಾಂಡ್ಲಿ ದಾಟಿಸುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಒಬ್ಬ ತಗೊಂಡು, ಒಂದು ಕ್ಷಣ ಹಿಡಿದು, ಮುಂದಿನವನಿಗೆ ಕೊಡುತ್ತಾನೆ. ಸಾಲು ಉದ್ದವಾದಷ್ಟೂ ಬಾಂಡ್ಲಿ ತಡವಾಗಿ ತಲುಪುತ್ತದೆ, ದಾರಿಯಲ್ಲಿ ಚೆಲ್ಲಿ ಕಡಿಮೆಯೂ ಆಗುತ್ತದೆ. ಕಾಂಕ್ರೀಟಿನ ಒಳಗೂ ಶಾಖ ಪದರದಿಂದ ಪದರಕ್ಕೆ ಹೀಗೇ ಇಳಿಯುತ್ತದೆ. ಐದಿಂಚಿನ ಆರ್‌ಸಿಸಿಯಲ್ಲಿ ಈ ಪ್ರಯಾಣಕ್ಕೆ ಮೂರರಿಂದ ನಾಲ್ಕು ಗಂಟೆ ಬೇಕು, ಮೇಲಿನ ಬಿಸಿಯ ಏರಿಳಿತದಲ್ಲಿ ನೂರಕ್ಕೆ ನಲವತ್ತರಷ್ಟು ಪಾಲು ಉಳಿದೇ ಕೆಳಗೆ ಬರುತ್ತದೆ. ಮಧ್ಯಾಹ್ನ ಎರಡರ ಉರಿಬಿಸಿಲು ಸಂಜೆ ಐದೂವರೆ ಆರಕ್ಕೆ, ನೀವು ಕೆಲಸದಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ, ಚಾವಣಿಗೆ ಬಂದಿರುತ್ತದೆ. ನಂಬದಿದ್ದರೆ ಏಪ್ರಿಲ್ ರಾತ್ರಿ ಎಂಟಕ್ಕೆ ಸ್ಟೂಲ್ ಹತ್ತಿ ಚಾವಣಿಗೆ ಅಂಗೈ ಇಡಿ. ಅದರ ಕೆಳಗೆ ಫ್ಯಾನು ತಿರುಗಿಸಿ ಮಲಗುವುದೆಂದರೆ ಒಲೆ ಮುಂದೆ ಕೂತು ಬೀಸಣಿಗೆ ಬೀಸಿಕೊಂಡಂತೆ. ಫ್ಯಾನು ಗಾಳಿಯನ್ನು ಕದಲಿಸುತ್ತದೆ, ಚಾವಣಿಯಿಂದ ನೇರ ಮೈಗೆ ಬೀಳುವ ವಿಕಿರಣವನ್ನಲ್ಲ. ಚಾವಣಿಯನ್ನು ಎರಡಡಿ ಎತ್ತರಿಸಿದರೆ ತಂಪಾಗುತ್ತದೆ ಎನ್ನುವವರೂ ಇಲ್ಲಿ ಎಡವುತ್ತಾರೆ. ಇಟ್ಟಿಗೆ, ಸಿಮೆಂಟಿಗೆ ದುಡ್ಡು ಹೆಚ್ಚು ಹೋಗುತ್ತದೆ, ಬಿಸಿ ಚಾವಣಿ ಬಿಸಿ ಚಾವಣಿಯಾಗಿಯೇ ಇರುತ್ತದೆ.

ಈ ತಡದ ಲೆಕ್ಕವನ್ನು ಮೊದಲು ಬಿಡಿಸಿದವನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ. 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿಬಂದ ಮೇಲೆ ಊರಿನ ಚಳಿ ತಾಳದೆ ಸೆಕೆಯಲ್ಲೂ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದನಂತೆ. ಶಾಖ ಕುರಿತ ಅವನ ಗ್ರಂಥ ಬಂದದ್ದು 1822ರಲ್ಲಿ. ಅದರ ಗಣಿತದ ಪ್ರಕಾರ, ನೆಲದೊಳಗೆ ಇಳಿಯುವ ಶಾಖದ ಅಲೆ ಎಷ್ಟು ಆಳ ಹೋಗುತ್ತದೆ ಎಂಬುದು ಅದರ ಅವಧಿಯ ವರ್ಗಮೂಲಕ್ಕೆ ತಕ್ಕಂತೆ. ವರ್ಷಕ್ಕೆ 365 ದಿನ, ವರ್ಗಮೂಲ ಸುಮಾರು 19. ಆದ್ದರಿಂದ ಬೇಸಿಗೆ-ಚಳಿಗಾಲದ ಅಲೆ ಹಗಲು-ರಾತ್ರಿಯ ಅಲೆಗಿಂತ 19 ಪಟ್ಟು ಆಳಕ್ಕೆ ಹೋಗುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಕತ್ತಲ ಕೋಣೆಗಳಿಗೆ ಇಳಿದಿದ್ದೀರಾ? ಬಂಡೆಯೊಳಗೆ ಒಂದು ಮೀಟರ್ ದಾಟಿದರೆ ಹಗಲು ಯಾವುದು ರಾತ್ರಿ ಯಾವುದು ಎಂಬ ಸುಳಿವೇ ಕಲ್ಲಿಗೆ ಇರುವುದಿಲ್ಲ. ಮೇ ತಿಂಗಳ ಮಟಮಟ ಮಧ್ಯಾಹ್ನ ಅಲ್ಲಿ ಸಿಗುವ ತಂಪಿಗೆ ಪವಾಡ ಕಾರಣ ಎಂದು ಗೈಡುಗಳು ಹೇಳಿದ್ದನ್ನು ಕೇಳಿದ್ದೇನೆ. ಕಾರಣ ಈ ವರ್ಗಮೂಲ, ಪವಾಡಕ್ಕಿಂತ ಚೆಂದ.

ನಮ್ಮ ಹಳೇ ಮಾಳಿಗೆ ಮನೆಗಳಲ್ಲೂ ಇದೇ ಗಣಿತ ಇತ್ತು. ತೊಲೆ, ಜಂತೆ, ಅದರ ಮೇಲೆ ಸೊಪ್ಪುಸದೆ, ಅದರ ಮೇಲೆ ಕರಲು ಮಣ್ಣು. ಒಂದಡಿ ಮಣ್ಣೆಂದರೆ ಶಾಖಕ್ಕೆ ಹತ್ತು ಗಂಟೆಯ ದಾರಿ, ಕೆಳಗೆ ಬರುವ ಹೊತ್ತಿಗೆ ಏರಿಳಿತದ ಹತ್ತರಲ್ಲೊಂದು ಪಾಲೂ ಉಳಿಯುವುದಿಲ್ಲ. ಹಾಗಂತ ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆ ಕೆಳಗೆ ಪಾತ್ರೆ ಇಟ್ಟು ಮಲಗಿದವನು ನಾನು. ಅಷ್ಟು ಭಾರವನ್ನು ಈಗಿನ ಮೋಲ್ಡಿನ ಮೇಲೆ ಹೇರಲೂ ಆಗದು.

ಅಗ್ಗದ ದಾರಿ ಬಿಳಿ ಬಣ್ಣ. ಸುಣ್ಣ ಬಳಿದ ತಾರಸಿ ಬಿಸಿಲಿನ ಕಾಲು ಪಾಲು ಚಿಲ್ಲರೆ ಮಾತ್ರ ನುಂಗುತ್ತದೆ, ಉಳಿದದ್ದನ್ನು ಆಕಾಶಕ್ಕೆ ವಾಪಸ್ ಕಳಿಸುತ್ತದೆ. ಸಾಲ ಕೊಟ್ಟರೆ ತಾನೇ ತೀರಿಸುವ ಮಾತು! ದುಡ್ಡಿದ್ದರೆ ಒಡೆದ ಬಿಳಿ ಟೈಲ್ಸ್ ಹಾಸಿ, ಅದು ಹೆಚ್ಚು ವರ್ಷ ಬಾಳುತ್ತದೆ. ತಗಡಿನ ಶೀಟ್ ಹಾಕುವವರು ಅದರ ಸುತ್ತ ಗಾಳಿ ಆಡಲು ಬಿಡಬೇಕು, ಮುಚ್ಚಿದರೆ ಇನ್ನೊಂದು ಭಟ್ಟಿ.

ಮೋಲ್ಡಿನಲ್ಲೇ ಉಳಿತಾಯ ಬೇಕೆನ್ನುವವರಿಗೆ ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದ ಫಿಲ್ಲರ್ ಸ್ಲ್ಯಾಬ್ ಇದೆ. ಸ್ಲ್ಯಾಬಿನ ಕೆಳ ಅರ್ಧದ ಕಾಂಕ್ರೀಟು ಎಳೆತ ತಡೆಯುವುದಿಲ್ಲ, ಆ ಕೆಲಸ ಕಬ್ಬಿಣದ್ದು. ಸುಮ್ಮನೆ ಕೂತ ಆ ಕಾಂಕ್ರೀಟಿನ ಜಾಗದಲ್ಲಿ ಮಂಗಳೂರು ಹೆಂಚು ಕೂರಿಸಿದರೆ ಸಿಮೆಂಟೂ ಉಳಿಯಿತು, ನಡುವೆ ಗಾಳಿಯೂ ಸಿಕ್ಕಿತು. ಎಂಜಿನಿಯರ್ ವಿನ್ಯಾಸ ಮಾಡಿಕೊಡಬೇಕು, ಮೇಸ್ತ್ರಿ ಒಪ್ಪಬೇಕು. ಎರಡನೆಯದೇ ಕಷ್ಟ. ಗೋಡೆಗೆ ಮಣ್ಣಿನ ಬ್ಲಾಕು ಆಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಕಿಟಕಿ ಎದುರುಬದುರು ಇರಲಿ, ಗೊತ್ತಿರುವುದೇ. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಸಾಕು: ಮಾರ್ಚ್ ಕೊನೆಯ ವಾರದ ಮಧ್ಯಾಹ್ನ ಅದರ ನೆರಳು ಏಳಡಿಗೂ ಕೆಳಗೆ ಇಳಿಯುತ್ತದೆ. ಪಶ್ಚಿಮಕ್ಕೆ ಸಜ್ಜಾ ದಂಡ, ಇಳಿಬಿಸಿಲು ಅದರ ಕೆಳಗಿನಿಂದಲೇ ನುಗ್ಗುತ್ತದೆ.

ಇಲ್ಲೇ ನೈಋತ್ಯದ ಕೋಣೆಯ ತಮಾಷೆ ಇರುವುದು. ಅವನ ಸೈಟಿನ ಪಶ್ಚಿಮಕ್ಕೆ ಇನ್ನೂ ಖಾಲಿ ಜಾಗ. ಮನೆಯಲ್ಲಿ ಸಂಜೆಯವರೆಗೆ ಬಿಸಿಲು ತಿನ್ನುವ ಗೋಡೆಗೆ ಅಂಟಿಸಿ ಯಜಮಾನನನ್ನು ಮಲಗಿಸುವುದು! ಎಸಿ ಹಾಕಿಸ್ತೀನಿ ಅಂದ. ಪೂರ್ಣ ಭಾರದಲ್ಲಿ ಓಡಿದರೆ ಗಂಟೆಗೆ ಒಂದೂವರೆ ಯೂನಿಟ್, ದಿನಕ್ಕೆ ಐದು ಗಂಟೆ, ತಿಂಗಳಿಗೆ 225. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹುಡುಗ ಸುಮ್ಮನಾದ.

ಕೋಣೆ ಬದಲಾಗಲಿಲ್ಲ, ಅವರಮ್ಮ ಬಿಡಲಿಲ್ಲ. ಮೆಟ್ಟಿಲು ಮಾತ್ರ ಪಶ್ಚಿಮದ ಗೋಡೆಯ ಆಚೆಗೆ ಬಂದಿದೆ, ಅದರ ನೆರಳು ಕೋಣೆಗೆ. ಮೆಟ್ಟಿಲು ಪಶ್ಚಿಮಕ್ಕಿದ್ದರೆ ಶುಭ ಎಂದು ವಾಸ್ತುದವರೂ ಹೇಳಿದರಂತೆ, ಒಳ್ಳೆಯದಾಯಿತು. ಪ್ರತಿ ಯುಗಾದಿಗೆ ಗೋಡೆಗೆ ಸುಣ್ಣ ಕಲಸುವಾಗ ತಾರಸಿಗೂ ಎರಡು ಬಕೆಟ್ ಕಲಸು ಎಂದಿದ್ದೇನೆ. ಮಳೆ, ಧೂಳು ಎರಡೂ ಸೇರಿ ಹೋದ ವರ್ಷದ ಬಿಳುಪನ್ನು ತಿಂದಿರುತ್ತವೆ.