ಗದಗ ಬರೆಯಲು ಮೂರೇ ಕೀಲಿ

ಹೋದ ವೈಶಾಖದಲ್ಲಿ ತಂಗಿಯ ಮಗನ ಲಗ್ನಪತ್ರಿಕೆ ಮಾಡಿಸಲು ಹುಬ್ಬಳ್ಳಿಯಿಂದ ಗದಗಕ್ಕೆ ಹೋಗಿದ್ದೆ. ಹುಬ್ಬಳ್ಳಿಯಲ್ಲೇ ಬೇಕಾದಷ್ಟು ಅಂಗಡಿಗಳಿವೆ. ಆದರೂ ಪತ್ರಿಕೆ, ಪುಸ್ತಕ ಅಂದರೆ ನಮ್ಮ ಮನೆಯವರ ಕಾಲು ಗದಗದ ಕಡೆಗೇ ತಿರುಗುತ್ತದೆ. ಆ ಊರನ್ನು ಸುಮ್ನೆ ಮುದ್ರಣ ಕಾಶಿ ಅನ್ನುವುದಿಲ್ಲ. ನಮ್ಮ ಕಾಕಾ ಅಲ್ಲಿಯ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸುತ್ತಿದ್ದವರು. ರಜೆಯಲ್ಲಿ ಅವರ ಜೊತೆ ಹೋದಾಗ ಮೂಗಿಗೆ ಬಡಿದ ಶಾಯಿಯ ವಾಸನೆ ನನಗೆ ಇನ್ನೂ ನೆನಪಿದೆ.

ಈಗ ಆ ವಾಸನೆ ಇಲ್ಲ. ಡಿಟಿಪಿ ಅಂಗಡಿಯಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಯ ತುಂಬ ಪತ್ರಿಕೆಯ ಮಾದರಿಗಳು. ಟೈಪ್ ಮಾಡುತ್ತಿದ್ದ ಅಕ್ಕ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ. ನಾನು ಬರೆದುಕೊಂಡು ಹೋಗಿದ್ದ ಹಾಳೆಯ ಮೇಲೆ ಅವರ ಕಣ್ಣು. ಕೀಲಿಮಣೆಯ ಕಡೆ ಒಮ್ಮೆಯೂ ನೋಡಲಿಲ್ಲ. ಅದರ ಮೇಲೆ ಇರುವುದು ಬರೀ ಇಂಗ್ಲಿಷ್ ಅಕ್ಷರಗಳು. ಪರದೆಯ ಮೇಲೆ ಮಾತ್ರ ಕನ್ನಡ ಸರಸರ ಬರುತ್ತಿತ್ತು.

"ಅಕ್ಕಾರ, 'ಣ' ಯಾವ ಕೀಲಿಯೊಳಗ ಐತ್ರೀ?" ಅಂತ ಕೇಳಿದೆ.

ಅವರು ನಿಂತರು. ಹುಬ್ಬು ಗಂಟು ಹಾಕಿ ಕೀಲಿಮಣೆ ನೋಡಿದರು. "ತಡೀರಿ, ಹೊಡದು ಹೇಳ್ತೀನಿ" ಅಂದರು. ಎಡಗೈ ಕಿರುಬೆರಳು ಶಿಫ್ಟ್ ಮೇಲೆ ಹೋಯಿತು, ಬಲಗೈ ತೋರುಬೆರಳು ಕೆಳಸಾಲಿಗೆ ಇಳಿಯಿತು. ಆಮೇಲೆ ಬೆರಳ ಕೆಳಗೆ ಇಣುಕಿ ನೋಡಿ, "ಶಿಫ್ಟ್ ಎನ್ ರೀ" ಅಂದರು.

ಇದು ಅವರೊಬ್ಬರ ವಿಷಯವಲ್ಲ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 100 ಜನರಿಗೆ ಖಾಲಿ ಕೀಲಿಮಣೆಯ ಚಿತ್ರ ಕೊಟ್ಟು, ಯಾವ ಅಕ್ಷರ ಎಲ್ಲಿದೆ ಬರೆಯಿರಿ ಅಂದರು. ಅವರೆಲ್ಲ ನಿಮಿಷಕ್ಕೆ ಸರಾಸರಿ 72 ಪದ ಹೊಡೆಯಬಲ್ಲವರು. ತಪ್ಪೂ ಬಹಳ ಕಡಿಮೆ. ಆದರೆ ಸರಿಯಾದ ಜಾಗದಲ್ಲಿ ಬರೆದದ್ದು ಸರಾಸರಿ 15 ಅಕ್ಷರ ಮಾತ್ರ. ಸೈಕಲ್ ಹೊಡೆಯುವುದು, ರೊಟ್ಟಿ ಬಡಿಯುವುದು, ಟೈಪ್ ಮಾಡುವುದು ಎಲ್ಲ ಒಂದೇ ಬಗೆಯ ನೆನಪು. ಬಾಯಿಗೆ ಬಾರದ ನೆನಪು ಅದು. ಕೈ ಆಡಿದಾಗ ಮಾತ್ರ ಹೊರಗೆ ಬರುತ್ತದೆ. ಅದಕ್ಕೇ ಒಂದು ಕೀಲಿಮಣೆ ಕೈಗೆ ಹತ್ತಿದ ಮೇಲೆ ಅದನ್ನು ಬಿಡುವುದು ಕಷ್ಟ. 1870ರ ದಶಕದಲ್ಲಿ ಟೈಪ್‌ರೈಟರ್ ಜೊತೆ ಬಂದ ಇಂಗ್ಲಿಷ್ ಜೋಡಣೆ ಇವತ್ತಿಗೂ ನಮ್ಮ ಮೊಬೈಲಿನಲ್ಲಿದೆ. ಇನ್ನೂ ಸಲೀಸು ಅಂತ ಡ್ವೊರಾಕ್ ಅನ್ನುವವರು ಮಾಡಿದ ಜೋಡಣೆಗೆ 1936ರಲ್ಲೇ ಪೇಟೆಂಟ್ ಸಿಕ್ಕಿತು. ಅದನ್ನು ಬಳಸುವವರು ಬೆರಳೆಣಿಕೆಯ ಮಂದಿ.

ಹಾಗಾದರೆ ಅಕ್ಕನ ಕೈಯಲ್ಲಿ ಕೂತಿರುವ ಈ ಜೋಡಣೆ ಯಾರದು? ಅವರನ್ನೇ ಕೇಳಿದೆ. "ನುಡಿದು ರೀ" ಅಂದರು. ಅದು ಸರಿಯೇ. ಕನ್ನಡ ಗಣಕ ಪರಿಷತ್ತು ಮಾಡಿದ 'ನುಡಿ' ತಂತ್ರಾಂಶದಲ್ಲಿ ಅದಿದೆ. ಆದರೆ ಆ ಜೋಡಣೆಯನ್ನು ಯೋಚಿಸಿದವರು ಕೆ.ಪಿ. ರಾವ್. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, 1940ರಲ್ಲಿ ಹುಟ್ಟಿದವರು. ಮುಂಬೈನ ಟಾಟಾ ಮೂಲಭೂತ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಅವರ ಕನ್ನಡ ತಂತ್ರಾಂಶದ ಹೆಸರು 'ಸೇಡಿಯಾಪು'. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ಇಟ್ಟದ್ದು. ಗದಗದ ಆ ಅಂಗಡಿಯಲ್ಲಿ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ. ನನಗೆ ಅದು ಬೇಜಾರಾಯಿತು. ಈ ಲೇಖನ ಬರೆಯಲು ಕೂತದ್ದೇ ಅದಕ್ಕೆ.

ಅವರು ಮಾಡಿದ ಕೆಲಸ ಎಷ್ಟು ದೊಡ್ಡದು ಅಂತ ತಿಳಿಯಲು ಮೊದಲು ಕಾಕಾ ನಿಂತಿರುತ್ತಿದ್ದ ಜಾಗಕ್ಕೆ ಹೋಗಬೇಕು. ಅವರ ಮುಂದೆ ಇಳಿಜಾರಾಗಿ ನಿಲ್ಲಿಸಿದ ಮರದ ಕೇಸುಗಳು. ಅದರಲ್ಲಿ ಚಿಕ್ಕ ಚಿಕ್ಕ ಮನೆಗಳು. ಒಂದೊಂದು ಮನೆಯಲ್ಲಿ ಒಂದೊಂದು ಬಗೆಯ ಮೊಳೆ. ಇಂಗ್ಲಿಷಿಗೆ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52 ಮನೆ ಸಾಕು, ಮೇಲೆ ಅಂಕಿ, ಚಿಹ್ನೆ. ಕನ್ನಡಕ್ಕೆ ಹಾಗಲ್ಲ. ಲೆಕ್ಕ ಹಾಕಿ ನೋಡಿ. ವ್ಯಂಜನ 34, ಸ್ವರ 13. ಬರೀ ಕಾಗುಣಿತವೇ 442 ಆಯಿತು. ಒಂದು ಒತ್ತು ಸೇರಿಸಿದರೆ 34 ಸಲ 34, ಅಂದರೆ 1,156 ಜೋಡಿ. ಅವುಗಳಿಗೂ ಕಾಗುಣಿತ ಹಾಕಿದರೆ 15,028. ಎಲ್ಲವೂ ಬಳಕೆಯಲ್ಲಿಲ್ಲ, ನಿಜ. ಆದರೂ ಇಷ್ಟಕ್ಕೆಲ್ಲ ಬೇರೆ ಬೇರೆ ಮೊಳೆ ಎರಕ ಹೊಯ್ಯಲು ಆಗುವುದಿಲ್ಲ. ಅದಕ್ಕೇ ಒತ್ತುಗಳನ್ನು ಬೇರೆ ಮಾಡಿ, ದೀರ್ಘವನ್ನು ಬೇರೆ ಮಾಡಿ, ತುಂಡು ತುಂಡಾಗಿ ಇಟ್ಟಿದ್ದರು. ಹಾಗೆ ಮಾಡಿದರೂ ನೂರಾರು ಮನೆ. ಕಾಕಾ ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಬೇಕಾದ ಮೊಳೆ ಸಿಗುತ್ತಿತ್ತು.

ಕಂಪ್ಯೂಟರ್ ಬಂದಾಗ ಮೊದಲು ಎಲ್ಲರಿಗೂ ತೋಚುವುದು ಆ ಕೇಸನ್ನೇ ಕೀಲಿಮಣೆಗೆ ಇಳಿಸುವ ದಾರಿ. ತುಂಡುಗಳಿಗೆ ಒಂದೊಂದು ಕೀಲಿ ಕೊಡುವುದು. ಆದರೆ ಅಷ್ಟು ಕೀಲಿ ಎಲ್ಲಿವೆ? ರಾವ್ ಅವರು ತುಂಡುಗಳನ್ನು ಬಿಟ್ಟು ಉಚ್ಚಾರವನ್ನು ಹಿಡಿದುಕೊಂಡರು. ಕಣ್ಣಿಗೆ ಕನ್ನಡ ಸಾವಿರಾರು ಆಕಾರ. ಕಿವಿಗೆ ಅದು ಐವತ್ತರ ಒಳಗಿನ ವರ್ಣಮಾಲೆ. ಆಡಿದ ಕ್ರಮದಲ್ಲೇ ಕೀಲಿ ಒತ್ತಿಸಿಕೊಂಡು, ಆಕಾರ ಜೋಡಿಸುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಇಂಗ್ಲಿಷಿನ 26 ಕೀಲಿಗಳೇ ಸಾಕು. ಮಹಾಪ್ರಾಣಕ್ಕೆ, ದೀರ್ಘಕ್ಕೆ ಶಿಫ್ಟ್ ಇದ್ದೇ ಇದೆ.

ಜೋಡಣೆ ಹೀಗಿದೆ. 'ಕೆ' ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. 'ಡಿ' ದ, ಶಿಫ್ಟ್ ಜೊತೆ ಧ. ಟ ಮತ್ತು ಡ ಮೇಲಿನ ಸಾಲಿನ ಎಡತುದಿಯಲ್ಲಿವೆ, 'ಕ್ಯೂ' ಮತ್ತು 'ಡಬ್ಲ್ಯೂ'. ಪ್ರತಿ ವ್ಯಂಜನದ ಒಳಗೆ 'ಅ' ಮೊದಲೇ ಇರುತ್ತದೆ, ನಾವು ಬರೆಯುವಾಗ ಇರುವ ಹಾಗೆ. ಅದನ್ನು ತೆಗೆಯಬೇಕೆಂದರೆ 'ಎಫ್'. ಅದು ಬೆರಳುಗಳು ಸದಾ ಕೂರುವ ನಡುಸಾಲಿನಲ್ಲಿದೆ, ಎಡಗೈ ತೋರುಬೆರಳಿನ ಕೆಳಗೇ. ಒತ್ತಕ್ಷರ ಬಂದಾಗೆಲ್ಲ ಬೇಕಾಗುವ ಕೀಲಿಯನ್ನು ಅತಿ ಹತ್ತಿರದ ಜಾಗದಲ್ಲಿ ಇಟ್ಟಿದ್ದಾರೆ. ಇನ್ನು ಸ್ವರದ ಕೀಲಿಗಳಿಗೆ ಎರಡೆರಡು ಕೆಲಸ. ಪದದ ಮೊದಲಲ್ಲಿ 'ಐ' ಒತ್ತಿದರೆ 'ಇ' ಬರುತ್ತದೆ. ವ್ಯಂಜನದ ನಂತರ ಅದನ್ನೇ ಒತ್ತಿದರೆ ಗುಡಿಸು. ತಂತ್ರಾಂಶ ಹಿಂದಿನ ಒಂದು ಅಕ್ಷರವನ್ನು ನೆನಪಿಟ್ಟುಕೊಂಡರೆ ಸಾಕು, ಯಾವುದು ಬೇಕು ಅಂತ ತಿಳಿದುಹೋಗುತ್ತದೆ.

ನಮ್ಮ ಕಡೆಯ ಊರುಗಳನ್ನೇ ಹೊಡೆದು ನೋಡಿ. ಗದಗ: 'ಜಿ', 'ಡಿ', 'ಜಿ'. ಮೂರೇ ಕೀಲಿ! 'ಬರಹ' ಅನ್ನುವ ಇನ್ನೊಂದು ತಂತ್ರಾಂಶದ ರೀತಿಯಲ್ಲಿ ಇಂಗ್ಲಿಷ್ ಕಾಗುಣಿತದಲ್ಲಿ ಬರೆದರೆ ಪ್ರತಿ 'ಅ'ಕಾರಕ್ಕೂ 'ಎ' ಒತ್ತಬೇಕು, ಆರು ಕೀಲಿ ಆಗುತ್ತದೆ. ಶಿಫ್ಟ್ ಲೆಕ್ಕ ಬಿಟ್ಟರೆ ಧಾರವಾಡಕ್ಕೆ ಇಲ್ಲಿ ಆರು, ಅಲ್ಲಿ ಒಂಬತ್ತು. ಹುಬ್ಬಳ್ಳಿಯಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಎರಡು ಒತ್ತು ಇರುವುದರಿಂದ ಎರಡು ಸಲ 'ಎಫ್' ಬೇಕು. ರಾವ್ ಜೋಡಣೆಯಲ್ಲಿ ಒಂಬತ್ತು, 'ಬರಹ'ದಲ್ಲಿ ಎಂಟು. ನಾನು ಹುಬ್ಬಳ್ಳಿಯವನು, ಆದರೂ ನನ್ನ ಓಟು ರಾವ್ ಅವರಿಗೇ. ಕನ್ನಡದಲ್ಲಿ ಒತ್ತಿಲ್ಲದ 'ಅ'ಕಾರಗಳು ಅಷ್ಟು ಜಾಸ್ತಿ.

ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಬಿಟ್ಟ 'ಬರಹ'ವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಟೈಪಿಂಗ್ ಕಲಿಯದವರೂ ಅವತ್ತೇ ಕನ್ನಡ ಬರೆಯುವ ಹಾಗೆ ಮಾಡಿದ್ದು ಅದು. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಜಾಗ ಇಟ್ಟ ಇನ್‌ಸ್ಕ್ರಿಪ್ಟ್ ಕೂಡ ಇದೆ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಅದರಲ್ಲೂ ಗದಗಕ್ಕೆ ಮೂರೇ ಕೀಲಿ, 'ಐ', 'ಒ', 'ಐ'. ಅಚ್ಚುಕಟ್ಟು ಜೋಡಣೆಯೇ. ಆದರೆ ಗ ಸಿಗುವುದು 'ಐ'ನಲ್ಲಿ, ಪ ಸಿಗುವುದು 'ಎಚ್'ನಲ್ಲಿ. ಕೀಲಿಯ ಮೇಲಿನ ಅಕ್ಷರದಿಂದ ಸುಳಿವೇ ಸಿಗುವುದಿಲ್ಲ, ಎಲ್ಲವನ್ನೂ ಬಾಯಿಪಾಠ ಮಾಡಬೇಕು. ರಾವ್ ಜೋಡಣೆ ಈ ಎರಡರ ನಡುವೆ ನಿಂತಿದೆ. ಕಲಿಯಲು ಇಂಗ್ಲಿಷ್ ಅಕ್ಷರ ಕೈ ಹಿಡಿಯುತ್ತದೆ. ಕಲಿತ ಮೇಲೆ ಕನ್ನಡದ ಕ್ರಮದಲ್ಲೇ ಓಡುತ್ತದೆ.

ಅಕ್ಷರವನ್ನು ಆಡುವ ಕ್ರಮದಲ್ಲಿ ಇಡಬೇಕು ಅನ್ನುವ ವಿಚಾರ ಅವರೊಬ್ಬರದೇ ಅಲ್ಲ. ಐಐಟಿ ಕಾನ್ಪುರದಲ್ಲೂ ಭಾರತೀಯ ಲಿಪಿಗಳಿಗೆ ಇದೇ ದಾರಿಯಲ್ಲಿ ಕೆಲಸ ನಡೆದಿತ್ತು. ಮುಂದೆ 1991ರಲ್ಲಿ ಬಂದ ಯೂನಿಕೋಡ್, ಅಂದರೆ ಲೋಕದ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಒಂದೊಂದು ಸಂಕೇತ ಕೊಡುವ ಪದ್ಧತಿ, ಕೂಡ ಅದನ್ನೇ ಒಪ್ಪಿತು. ಅದರಲ್ಲಿ ಕನ್ನಡಕ್ಕೆ 128 ಜಾಗ ಮೀಸಲು. ಒತ್ತುಗಳಿಗೆ ಅಲ್ಲಿ ಬೇರೆ ಜಾಗವೇ ಇಲ್ಲ. 'ಕರ್ನಾಟಕ' ಅನ್ನುವುದು ಕಂಪ್ಯೂಟರಿನ ಒಳಗೆ ಏಳು ಸಂಕೇತ: ಕ, ರ, ವಿರಾಮ ('ಅ' ತೆಗೆಯುವ ಚಿಹ್ನೆ), ನ, ದೀರ್ಘ, ಟ, ಕ. ರಾವ್ ಕೀಲಿಮಣೆಯಲ್ಲೂ ಅದಕ್ಕೆ ಏಳೇ ಕೀಲಿ, ಅದೇ ಕ್ರಮ. ಒಂದು ಕೀಲಿಗೆ ಒಂದು ಸಂಕೇತ. ಇದನ್ನು ಮೊದಲ ಸಲ ಎಣಿಸಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಅಂದೆನಲ್ಲ, ಒಂದು ಹೊಸದು. ಇನ್ನೊಂದು ಬಹಳ ಹಳೆಯದು, ಆಯುಧಪೂಜೆಯ ಕುಂಕುಮ ಇನ್ನೂ ಅದರ ಡಬ್ಬಿಯ ಮೇಲಿದೆ. ಅಕ್ಕ ಕೂರುವುದು ಹಳೆಯದರ ಮುಂದೆ. ಅದಕ್ಕೆ ಕಾರಣ ಪೇಜ್‌ಮೇಕರ್. 1985ರಲ್ಲಿ ಆ್ಯಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ಬಂದ ಈ ತಂತ್ರಾಂಶದಿಂದಲೇ ಮೇಜಿನ ಮೇಲೆ ಪುಟ ಕಟ್ಟುವ ಕೆಲಸ ಲೋಕಕ್ಕೆಲ್ಲ ಹಬ್ಬಿತು. ಅದರ ಕೊನೆಯ ಆವೃತ್ತಿ, 7.0, ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡವನ್ನು ಜೋಡಿಸಲು ಅದಕ್ಕೆ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಹಳೆಯ ಆಸ್ಕಿ ಫಾಂಟ್. ಅಂದರೆ ಮತ್ತೆ ಕಾಕಾನ ಮೊಳೆ ಕೇಸೇ. ಇಂಗ್ಲಿಷಿನಂಥ ಭಾಷೆಗಳಿಗೆ ಇರುವ 256 ಜಾಗಗಳಲ್ಲಿ ಕನ್ನಡದ ತುಂಡುಗಳನ್ನು ತುಂಬಿಟ್ಟಿರುತ್ತಾರೆ. ಅಕ್ಕ ಉಚ್ಚಾರದ ಕ್ರಮದಲ್ಲೇ ಹೊಡೆಯುತ್ತಾರೆ, ನುಡಿ ಅದನ್ನು ತುಂಡುಗಳನ್ನಾಗಿ ಮಾಡಿ ಪೇಜ್‌ಮೇಕರಿಗೆ ಕೊಡುತ್ತದೆ.

ಈ ತುಂಡುಗಳ ಪರಿಣಾಮ ನಾನೇ ಉಂಡಿದ್ದೇನೆ. ಅಪ್ಪ ಸಂಗ್ರಹಿಸಿದ ಸೋಬಾನೆ ಪದಗಳನ್ನು 2003ರಲ್ಲಿ ಟೈಪ್ ಮಾಡಿಸಿ ಸಿಡಿಯಲ್ಲಿ ಇಟ್ಟಿದ್ದೆವು. ಹತ್ತು ವರ್ಷ ಬಿಟ್ಟು ತೆರೆದರೆ ಒಂದು ಕನ್ನಡ ಅಕ್ಷರವೂ ಇಲ್ಲ. 'ಕನ್ನಡ' ಅನ್ನುವ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ತಲೆಯ ಮೇಲೆ ಗೀರು ಇರುವ 'ಎ', ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ. ಅಪ್ಪ ಆಗ ಇರಲಿಲ್ಲ. ಎಲ್ಲ ಹೋಯಿತು ಅಂತ ಕೈ ತಣ್ಣಗಾಯಿತು. ಹೋಗಿರಲಿಲ್ಲ, ಆ ಫಾಂಟ್ ಕಂಪ್ಯೂಟರಿನಲ್ಲಿ ಇರಲಿಲ್ಲ ಅಷ್ಟೇ. 'ಪಿ'ಯ ಜಾಗದಲ್ಲಿ ಕ ಅಕ್ಷರದ ಮೈ ಇತ್ತು. ಗೀರಿನ 'ಎ' ಅಂದರೆ ತಲೆಕಟ್ಟು. ಅದಕ್ಕೇ ಅದು 'ಕನ್ನಡ'ದಲ್ಲಿ ಮೂರು ಸಲ ಬಂದಿತ್ತು. ಪರಿವರ್ತಕ ತಂತ್ರಾಂಶ ಹಾಕಿ ಯೂನಿಕೋಡಿಗೆ ತಂದೆವು. ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ, 'ಕರ್ನಾಟಕ'ದ ಅರ್ಕಾವತ್ತು 'ನಾ' ಆದ ಮೇಲೆ ಕೂತಿರುತ್ತದೆ. ನಾಲಿಗೆ ಅದನ್ನು 'ನಾ'ಗಿಂತ ಮೊದಲು ಆಡುತ್ತದೆ. ಅಂಥವನ್ನೆಲ್ಲ ತಂತ್ರಾಂಶ ಹಿಂದೆ ಮುಂದೆ ಸರಿಸಬೇಕು. ಕೆಲವು ಕಡೆ ತಪ್ಪಿತು. ಉಳಿದದ್ದನ್ನು ನಾನೇ ಒಂದು ತಿಂಗಳು ಕೂತು ತಿದ್ದಿದೆ.

ರಾವ್ ಅವರು ತಮ್ಮ ಜೋಡಣೆಯನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟರು. ಸಣ್ಣಪುಟ್ಟ ಬದಲಾವಣೆಯೊಂದಿಗೆ ಕರ್ನಾಟಕ ಸರ್ಕಾರ ಅದನ್ನೇ ಅಧಿಕೃತ ಮಾಡಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ತಹಶೀಲ್ದಾರ್ ಕಚೇರಿಯ ಪತ್ರ, ಕೋರ್ಟಿನ ಹೊರಗೆ ಟೈಪ್ ಮಾಡಿಸುವ ಅರ್ಜಿ, ಜಾತ್ರೆಯ ಕರಪತ್ರ, ಎಷ್ಟೋ ಬಂದದ್ದು ಇದೇ ಕೀಲಿಗಳಿಂದ.

ನಮ್ಮ ಹುಡುಗರು ಈಗ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ತರುತ್ತಾರೆ. ಬರೆಯಲಿ, ನನಗೆ ಸಂತೋಷವೇ. ಒಂದೇ ಚಿಂತೆ. ಅಲ್ಲಿ ಲ, ಳ ಎರಡಕ್ಕೂ 'ಎಲ್' ಒಂದೇ. ಹಳ್ಳಿ ಬೇಕೋ ಹಲ್ಲಿ ಬೇಕೋ ಅಂತ ಊಹೆ ಮಾಡುವುದು ಮೊಬೈಲು. ಅದು ಕೊಟ್ಟಿದ್ದನ್ನು ಒಪ್ಪಿ ಮುಂದೆ ಹೋಗುತ್ತಾರೆ. ರಾವ್ ಕೀಲಿಮಣೆಯಲ್ಲಿ ಳ ಬೇಕೆಂದರೆ ನಾನೇ ಶಿಫ್ಟ್ ಒತ್ತಬೇಕು. ಆ ಕ್ಷಣ ನಾಲಿಗೆ ಬಾಯೊಳಗೆ ಮಡಚಿಕೊಳ್ಳುತ್ತದೆ, ನನಗೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಕೆಲಸ ಕಲಿಯಲು ಬಂದ ಒಂದು ಹುಡುಗಿ ಇತ್ತು. ನಮ್ಮ ಪತ್ರಿಕೆಯ ವಧುವಿನ ಊರು ಲಕ್ಷ್ಮೇಶ್ವರ. "ಇದನ್ನ ನೀ ಹೊಡಿವಾ" ಅಂತ ಅಕ್ಕ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಹುಡುಗಿ ಕೀಲಿಮಣೆ ನೋಡುತ್ತಾ ಕೂತಿತು. "ಅದನ್ನ ನೋಡಬ್ಯಾಡ. ಬಾಯಾಗ ಅನ್ಕೋಂತ ಹೊಡಿ" ಅಂದರು ಅಕ್ಕ. ತುಟಿ ಆಡಿತು. ಲ ಬಂತು. ಕ ಬಂತು. 'ಎಫ್' ಒತ್ತಿದಾಗ ತಲೆಕಟ್ಟು ಹೋಗಿ ಕ್ ಆಯಿತು. 'ಎಕ್ಸ್' ಒತ್ತಿದ ಕೂಡಲೇ ಅದು ಕ್ಷ ಆಗಿ ಅರಳಿತು. ಮತ್ತೆ 'ಎಫ್', 'ಎಮ್', ಕೆಳಗೆ ಮ ಒತ್ತು ಬಂದು ಕೂತಿತು. ಶಿಫ್ಟ್ ಜೊತೆ 'ಇ', ಮೇಲೆ ಏತ್ವ ಏರಿತು. ಹನ್ನೊಂದನೆಯ ಕೀಲಿಗೆ ಊರು ಪೂರ್ತಿಯಾಯಿತು. ಹುಡುಗಿ ಅದನ್ನು ಅಳಿಸಿ, ಮತ್ತೊಮ್ಮೆ ಮೊದಲಿನಿಂದ ಹೊಡೆಯಿತು. ಈ ಸಲ ಕೆಳಗೆ ನೋಡಲಿಲ್ಲ.