ಕ್ಯಾಶ್ ಬರಿದಾಗಿದ್ದಾಗ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಜಾಲತಾಣವನ್ನು ನೋಡಿಕೊಳ್ಳುವವನು ನಾನು. ಊರಿನಿಂದ ಯಕ್ಷಗಾನ ಮೇಳ ಬರುತ್ತದೆಂಬ ಸುದ್ದಿ ಹರಡಿದರೆ ಸಾಕು, ಸಂಜೆಯ ಲೋಕಲ್‌ನಲ್ಲಿ ಮರಳುವ ಸದಸ್ಯರೆಲ್ಲ ಒಂದೇ ಹೊತ್ತಿಗೆ ಕಾರ್ಯಕ್ರಮಗಳ ಪುಟ ತೆರೆಯುತ್ತಾರೆ. ಅದೇ ಪಟ್ಟಿಯನ್ನು ಪ್ರತಿಯೊಬ್ಬರಿಗೂ ಡೇಟಾಬೇಸಿನಿಂದ ಹೊಸದಾಗಿ ಹೆಕ್ಕುವುದು ವ್ಯರ್ಥವಾದ್ದರಿಂದ, ಒಮ್ಮೆ ತಂದದ್ದನ್ನು ಮೆಮ್‌ಕ್ಯಾಶ್ಡ್ ಎಂಬ ತಂತ್ರಾಂಶದ ಮೂಲಕ ಸರ್ವರಿನ ಮೆಮೊರಿಯಲ್ಲಿ ಇಟ್ಟಿರುತ್ತೇನೆ. ಹೀಗೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗವೇ ಕ್ಯಾಶ್. 2003ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಲೈವ್‌ಜರ್ನಲ್ ತಾಣಕ್ಕಾಗಿ ಇದನ್ನು ಬರೆದದ್ದೂ ಡೇಟಾಬೇಸಿನ ಹೊರೆ ಇಳಿಸಲೆಂದೇ.

ಕ್ಯಾಶಿನಲ್ಲಿ ನೋಡು, ಇಲ್ಲದಿದ್ದರೆ ಡೇಟಾಬೇಸನ್ನು ಕೇಳು, ಬಂದದ್ದನ್ನು ಕ್ಯಾಶಿಗೆ ಹಾಕು ಎಂಬ ಮೂರು ಹೆಜ್ಜೆಗಳನ್ನು ಮೊದಲೆಲ್ಲ ಪ್ರತಿ ಪುಟದಲ್ಲೂ ಬರೆಯುತ್ತಿದ್ದೆ. ಒಂದು ಪುಟದಲ್ಲಿ ಮೂರನೆಯದನ್ನು ಮರೆತೆ. ಪುಟವೇನೋ ಸರಿಯಾಗಿಯೇ ಕಾಣುತ್ತಿತ್ತು, ಹಾಗಾಗಿ ತಿಂಗಳುಗಟ್ಟಲೆ ತಪ್ಪು ಗೊತ್ತಾಗಲಿಲ್ಲ. ಕಾಲ್‌ಬ್ಯಾಕ್, ಎಂದರೆ ಬೇಕಾದಾಗ ಕರೆಯಲೆಂದು ಮೊದಲೇ ಒಪ್ಪಿಸಿಟ್ಟ ಫಂಕ್ಷನ್ (ಒಂದು ಕೆಲಸ ಮಾಡುವ ಪ್ರೋಗ್ರಾಮಿನ ತುಣುಕು), ಇದ್ದರೆ ಈ ಮರೆವಿಗೆ ಎಡೆಯಿಲ್ಲ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಕ್ಯಾಶಿನಿಂದ ತರುವ ಮೆಮ್‌ಕ್ಯಾಶ್ಡ್‌ನ ‘ಗೆಟ್’ ಆದೇಶಕ್ಕೆ ಕೀಯ (ಇಟ್ಟದ್ದನ್ನು ಗುರುತಿಸುವ ಹೆಸರಿನ) ಜೊತೆ ನಮ್ಮದೊಂದು ಫಂಕ್ಷನ್ನನ್ನೂ ಒಪ್ಪಿಸಬಹುದು. ಒಪ್ಪಿಸಿದೊಡನೆ ಅದು ಓಡುವುದಿಲ್ಲ. ಕೀ ಸಿಗದಿದ್ದಾಗ ಮಾತ್ರ ಅದಕ್ಕೆ ಕರೆ ಹೋಗುತ್ತದೆ. ಆಗ ಅದು ಡೇಟಾಬೇಸಿನಿಂದ ಪಟ್ಟಿ ತಂದು, ತನಗೆ ಕೊಟ್ಟಿರುವ ಖಾಲಿ ಜಾಗದಲ್ಲಿ ತುಂಬಿ, ‘ಟ್ರೂ’ ಅಥವಾ ‘ಫಾಲ್ಸ್’ ಎಂದಷ್ಟೇ ಮರಳಿಸುತ್ತದೆ. ಟ್ರೂ ಎಂದರೆ ಪಟ್ಟಿ ಕ್ಯಾಶಿಗೆ ಸೇರುತ್ತದೆ, ಫಾಲ್ಸ್ ಎಂದರೆ ಇಲ್ಲ.

ನನಗೆ ಇದರಲ್ಲಿ ಹೆಚ್ಚು ಬೆಲೆಬಾಳುವುದು ಆ ಫಾಲ್ಸ್. ಒಂದು ಭಾನುವಾರ ಡೇಟಾಬೇಸಿನ ಸಂಪರ್ಕ ಕ್ಷಣಕಾಲ ಕಡಿಯಿತು. ನನ್ನ ಫಂಕ್ಷನ್ ಬರಿದಾದ ಪಟ್ಟಿಯನ್ನಿಟ್ಟು ಟ್ರೂ ಎಂದಿತು. ಆ ಸುಳ್ಳು ಕ್ಯಾಶಿನಲ್ಲಿ ಕುಳಿತು, ಸಂಪರ್ಕ ಮರಳಿದ ಮೇಲೂ ‘ಯಾವ ಕಾರ್ಯಕ್ರಮವೂ ಇಲ್ಲ’ ಎಂದು ಎಲ್ಲರಿಗೂ ಸಾರುತ್ತಲೇ ಇತ್ತು. ಕಾರ್ಯದರ್ಶಿಯವರು ಫೋನ್ ಮಾಡಿ, ‘ಏನ್ರೀ, ಆಟ ರದ್ದಾಯ್ತಾ?’ ಎಂದು ಕೇಳಿದರು. ಕಾರ್ಯಕ್ರಮವೇ ಇಲ್ಲದಿರುವುದು ಬೇರೆ, ಇದೆಯೋ ಇಲ್ಲವೋ ಎಂದು ಕೇಳಲಾಗದೆ ಹೋದದ್ದು ಬೇರೆ. ಇವೆರಡನ್ನೂ ಬೇರ್ಪಡಿಸಬಲ್ಲದ್ದು ಡೇಟಾಬೇಸಿನೊಡನೆ ನೇರವಾಗಿ ಮಾತಾಡುವ ಆ ಕಾಲ್‌ಬ್ಯಾಕ್ ಒಂದೇ.

ನೂಕುನುಗ್ಗಲನ್ನು ಮಾತ್ರ ಅದು ತಾನಾಗಿ ತಡೆಯದು. ಪಟ್ಟಿಯ ಅವಧಿ ಮುಗಿದ ಗಳಿಗೆಯಲ್ಲಿ ಐವತ್ತು ಮಂದಿ ಬಂದರೆ ಐವತ್ತು ಕಾಲ್‌ಬ್ಯಾಕ್‌ಗಳೂ ಒಟ್ಟಿಗೆ ಡೇಟಾಬೇಸಿಗೆ ಮುಗಿಬೀಳುತ್ತವೆ. ಇದಕ್ಕೆ ಹೊಸ ಕೀಯನ್ನು ಸೇರಿಸುವ ಮೆಮ್‌ಕ್ಯಾಶ್ಡ್‌ನ ‘ಆ್ಯಡ್’ ಆದೇಶ ಒದಗಿಬರುತ್ತದೆ: ಕೀ ಮೊದಲೇ ಇದ್ದರೆ ಅದು ವಿಫಲವಾಗುವುದರಿಂದ, ಬೀಗದ ಹೆಸರಿನ ಒಂದು ಕೀಯನ್ನು ಮೊದಲು ಹಾಕಿದವನೊಬ್ಬನೇ ಹೊಸ ಪಟ್ಟಿ ತರುತ್ತಾನೆ. ಉಳಿದವರಿಗೆ ಹಳೆಯ ಪಟ್ಟಿಯನ್ನೇ ತೋರಿಸಬೇಕಾದ್ದರಿಂದ ಅದನ್ನು ಅವಧಿ ಮುಗಿದ ಮೇಲೂ ಒಂದಿಷ್ಟು ಹೊತ್ತು ಅಳಿಸದೆ ಇಟ್ಟಿರುತ್ತೇನೆ. ಬೀಗಕ್ಕೂ ಕೆಲವೇ ಸೆಕೆಂಡುಗಳ ಆಯುಷ್ಯ ಕೊಟ್ಟಿದ್ದೇನೆ, ತರಲು ಹೋದವನು ನಡುದಾರಿಯಲ್ಲೇ ನಿಂತರೆ ಮತ್ತೊಬ್ಬ ಹೋಗಲೆಂದು.